ಕರಾರು ನಮ್ಮೆದುರೇ ಆಗಲಿ

2018ರ ಮೇ 12ರಂದು ಮೊದಲ ಸಲ ಮತ ಹಾಕಿದ ಕರ್ನಾಟಕದ ಗೆಳೆಯ ಗೆಳತಿಯರೇ,

ನಿಮಗೆ ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿದ ಮೇಲೆ ಬಂದ ಮೊದಲ ವಿಧಾನಸಭಾ ಚುನಾವಣೆ ಅದು. ಬೆರಳಿನ ಶಾಯಿ ಮಾಸುವ ಮೊದಲೇ ನೀವು ಏನೆಲ್ಲ ನೋಡಬೇಕಾಯಿತು! ಮತದಾನ ನಡೆದಿದ್ದ 222 ಕ್ಷೇತ್ರಗಳ ಫಲಿತಾಂಶ ಮೇ 15ರಂದು ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಸ್ಥಾನ ಗೆದ್ದಿದ್ದವು. ಯಾರಿಗೂ ಬಹುಮತ ಇರಲಿಲ್ಲ. ಅದೇ ದಿನ ಕಾಂಗ್ರೆಸ್ ಪಕ್ಷ, ಪ್ರಚಾರದುದ್ದಕ್ಕೂ ತಾನು ಟೀಕಿಸುತ್ತ ಬಂದಿದ್ದ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟುಕೊಡಲು ಒಪ್ಪಿತು. ರಾಜ್ಯಪಾಲ ವಜುಭಾಯಿ ವಾಲಾ ಅವರು ಅತಿದೊಡ್ಡ ಪಕ್ಷದ ನಾಯಕರಾದ ಬಿ.ಎಸ್. ಯಡಿಯೂರಪ್ಪನವರನ್ನು ಕರೆದು, ಬಹುಮತ ಸಾಬೀತಿಗೆ 15 ದಿನಗಳ ಕಾಲಾವಕಾಶ ಕೊಟ್ಟರು. ಸುಪ್ರೀಂ ಕೋರ್ಟ್ ನಡುರಾತ್ರಿ ವಿಚಾರಣೆ ನಡೆಸಿತು. ಶಾಸಕರನ್ನು ರೆಸಾರ್ಟಿನಿಂದ ಹೈದರಾಬಾದಿಗೆ ಸಾಗಿಸಲಾಯಿತು. ಮೇ 19ರಂದು ವಿಶ್ವಾಸಮತಕ್ಕೆ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮೇ 23ರಂದು ಎಚ್.ಡಿ. ಕುಮಾರಸ್ವಾಮಿಯವರು ಪ್ರಮಾಣವಚನ ಸ್ವೀಕರಿಸಿದರು. 14 ತಿಂಗಳು ಕಳೆದ ಮೇಲೆ, 2019ರ ಜುಲೈ 23ರಂದು, 99–105 ಮತಗಳಿಂದ ಆ ಸರ್ಕಾರವೂ ಉರುಳಿತು. ಒಮ್ಮೆ ಹಾಕಿದ ಮತದಿಂದ ಹುಟ್ಟಿದ ಒಂದೇ ವಿಧಾನಸಭೆ ಹಲವು ಸರ್ಕಾರಗಳನ್ನು ಕಂಡಿತು. ಅವುಗಳಲ್ಲಿ ಯಾವುದರ ಬಗ್ಗೆಯೂ ನಿಮ್ಮನ್ನು ಯಾರೂ ಕೇಳಲಿಲ್ಲ.

ಇಷ್ಟನ್ನು ನೋಡಿದವರು ‘ಯಾರಿಗೆ ಹಾಕಿದರೇನು, ಕೊನೆಗೆ ಅವರವರೇ ಕೂತು ಹಂಚಿಕೊಳ್ಳುತ್ತಾರೆ’ ಎಂದರೆ ಅದನ್ನು ಹುಡುಗಾಟದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಆದರೆ ಆ ಸಿಟ್ಟು ತಾಗಬೇಕಾದ ಕಡೆ ತಾಗುತ್ತಿಲ್ಲ ಎಂಬುದು ನನ್ನ ಚಿಂತೆ. ನಿಮ್ಮಲ್ಲಿ ಕೆಲವರು ಅತಂತ್ರ ತೀರ್ಪು ಕೊಟ್ಟ ಮತದಾರರನ್ನೇ ದೂರುತ್ತೀರಿ. ಕೆಲವರು ಮೈತ್ರಿ ಸರ್ಕಾರ ಎಂದರೇನೇ ಮೋಸ ಎನ್ನುತ್ತೀರಿ. ಇನ್ನು ಕೆಲವರು ಮತಗಟ್ಟೆಗೆ ಹೋಗುವುದನ್ನೇ ಬಿಡುವ ಮಾತಾಡುತ್ತೀರಿ. ಈ ಮೂರೂ ದಾರಿಗಳು ನಿಜವಾದ ತಪ್ಪಿತಸ್ಥರನ್ನು ಆರಾಮಾಗಿ ಬಿಟ್ಟುಬಿಡುತ್ತವೆ. ನಮ್ಮ ರಾಜ್ಯದ ಅನುಭವವನ್ನು ನಿಧಾನವಾಗಿ ನೋಡಿದರೆ ಕಾಣುವುದು ಇಷ್ಟು: ಮೈತ್ರಿಯ ಷರತ್ತುಗಳು ಜನರಿಗೆ ಮೊದಲೇ ಗೊತ್ತಿದ್ದಾಗ ಮತಕ್ಕೆ ಬೆಲೆ ಉಳಿದಿದೆ, ಷರತ್ತುಗಳು ನಾಲ್ಕು ಗೋಡೆಗಳ ನಡುವೆ ಹುಟ್ಟಿ ಅಲ್ಲೇ ಸತ್ತಾಗ ಮತಕ್ಕೆ ಬೆಲೆ ಹೋಗಿದೆ. ಆದ್ದರಿಂದ ನಾವು ಕೇಳಬೇಕಾದದ್ದು ಒಂದೇ. ಕರಾರು ನಮ್ಮೆದುರೇ ಆಗಬೇಕು. ಈ ಪತ್ರ ಅದಕ್ಕಾಗಿ.

ಮೊದಲು ತೀರ್ಪಿನ ಮಾತು. 2018ರಲ್ಲಿ ಜನ ಗೊಂದಲದಲ್ಲಿದ್ದರು, ಅದಕ್ಕೇ ಯಾರಿಗೂ ಬಹುಮತ ಬರಲಿಲ್ಲ ಎನ್ನುವವರು ಮತಗಳ ಲೆಕ್ಕ ನೋಡಬೇಕು. ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36, ಜೆಡಿಎಸ್‌ಗೆ ಸುಮಾರು ಶೇ 18ರಷ್ಟು ಮತ ಬಿದ್ದಿತ್ತು. ಹೆಚ್ಚು ಮತ ಪಡೆದ ಪಕ್ಷಕ್ಕೆ ಕಡಿಮೆ ಸ್ಥಾನ, ಕಡಿಮೆ ಮತ ಪಡೆದ ಪಕ್ಷಕ್ಕೆ ಹೆಚ್ಚು ಸ್ಥಾನ. ಯಾರು ಮುಂದಿದ್ದಾರೋ ಅವರು ಗೆಲ್ಲುವ ನಮ್ಮ ಪದ್ಧತಿಯಲ್ಲಿ ಮತ ಎಲ್ಲಿ ಗುಂಪುಗೂಡಿದೆ ಎಂಬುದು ಮುಖ್ಯವಾಗುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಪೈಪೋಟಿ ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆ. ಕರಾವಳಿಯಲ್ಲೂ ಉತ್ತರದ ಬಹುಪಾಲು ಜಿಲ್ಲೆಗಳಲ್ಲೂ ಕಾಂಗ್ರೆಸ್ ಮತ್ತು ಬಿಜೆಪಿ ನಡುವೆ. ಒಂದೊಂದು ಸೀಮೆಯ ಜನ ಖಚಿತವಾದ ಉತ್ತರವನ್ನೇ ಕೊಟ್ಟಿದ್ದರು. ಆ ಉತ್ತರಗಳನ್ನು ಕೂಡಿಸಿದಾಗ ಒಂದು ಪಕ್ಷಕ್ಕೆ 113 ಬರಲಿಲ್ಲ, ಅಷ್ಟೆ. ಅತಿದೊಡ್ಡ ಪಕ್ಷವೇ ಆಳಬೇಕಿತ್ತು ಎಂಬ ವಾದಕ್ಕೂ ಇಲ್ಲೇ ಉತ್ತರವಿದೆ. 104 ದೊಡ್ಡ ಸಂಖ್ಯೆ, ಆದರೆ ಬಹುಮತವಲ್ಲ. ಸರ್ಕಾರದ ಬಲಾಬಲ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1994ರಲ್ಲಿ ಗಟ್ಟಿಮಾಡಿದ್ದು ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ. 1989ರಲ್ಲಿ ಸದನದ ಪರೀಕ್ಷೆಗೆ ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಗಿತ್ತು. ಆ ಅನ್ಯಾಯದಿಂದ ಇಡೀ ದೇಶಕ್ಕೆ ಸಿಕ್ಕ ನಿಯಮ ಅದು. ಒಂದು ಪಕ್ಷಕ್ಕೆ ಅನುಕೂಲವಾದಾಗ ಅದನ್ನು ಒಪ್ಪಿ, ಅನಾನುಕೂಲವಾದಾಗ ಮರೆಯುವಂತಿಲ್ಲ.

ಇನ್ನು ಮೈತ್ರಿ. ಬಹುಮತವಿಲ್ಲದ ಸರ್ಕಾರ ಏನನ್ನೂ ಮಾಡಲಾರದು ಎಂದು ನಂಬಿದವರಿಗೆ 1983ರ ಕರ್ನಾಟಕವನ್ನು ನೆನಪಿಸಬೇಕು. ಆ ವರ್ಷ ಜನತಾ ಪಕ್ಷಕ್ಕೆ ಬಂದದ್ದು 95 ಸ್ಥಾನ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಕೊಟ್ಟ ಬೆಂಬಲದಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆ ರೂಪುಗೊಂಡದ್ದು ಆ ಅಲ್ಪಮತದ ಸರ್ಕಾರದಲ್ಲಿ. ಅದನ್ನು ತಂದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹಳ್ಳಿಗಳು ಇವತ್ತಿಗೂ ನೆನೆಯುತ್ತವೆ. 1984ರ ಲೋಕಾಯುಕ್ತ ಕಾಯ್ದೆಯೂ ಆ ಕಾಲದ್ದೇ. ಅದೇ ವರ್ಷದ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಜನತಾ ಪಕ್ಷ ಗೆದ್ದದ್ದು ನಾಲ್ಕನ್ನು ಮಾತ್ರ. ಆಗ ಹೆಗಡೆಯವರು ಕುರ್ಚಿಗೆ ಅಂಟಿಕೊಳ್ಳಲಿಲ್ಲ. ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. 1985ರ ಮಾರ್ಚಿನಲ್ಲಿ ಜನ ಅವರಿಗೆ 139 ಸ್ಥಾನ ಕೊಟ್ಟರು. ಯಾರ ಬೆಂಬಲದಿಂದ ಸರ್ಕಾರ ನಿಂತಿದೆ, ಏನು ಮಾಡುತ್ತಿದೆ ಎಂಬುದು ಆ ಎರಡು ವರ್ಷ ಎಲ್ಲರಿಗೂ ಕಾಣುತ್ತಿತ್ತು. ಕಂಡದ್ದನ್ನು ತೂಗಿ ನೋಡಿ ಜನ ತೀರ್ಪು ಕೊಟ್ಟರು. ಪಕ್ಕದ ಕೇರಳದಲ್ಲಿ ದಶಕಗಳಿಂದ ಎರಡು ರಂಗಗಳು ಚುನಾವಣೆಗೆ ಮೊದಲೇ ತಮ್ಮ ಮಿತ್ರಪಕ್ಷಗಳನ್ನು ಜನರ ಮುಂದೆ ನಿಲ್ಲಿಸುತ್ತ ಬಂದಿವೆ. ಅಲ್ಲಿ ಒಂದೇ ಪಕ್ಷದ ಸರ್ಕಾರ ಅಪರೂಪ, ಆದರೂ ಸರ್ಕಾರಗಳು ಅವಧಿ ಪೂರೈಸುವುದು ಅಪರೂಪವಾಗಿಲ್ಲ. ಹಾಗಾಗಿ ಪಕ್ಷಗಳು ಕೈಜೋಡಿಸುವುದೇ ದ್ರೋಹವೆಂದು ಹೇಳಲು ಆಧಾರವಿಲ್ಲ.

ಹಾಗಾದರೆ 2018ರಲ್ಲಿ ಕೆಟ್ಟದ್ದು ಎಲ್ಲಿ? ಚಾಮುಂಡೇಶ್ವರಿ ಕ್ಷೇತ್ರವನ್ನು ನೋಡಿ. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಅಲ್ಲಿ ಸೋಲಿಸಿದ್ದು ಜೆಡಿಎಸ್‌ನ ಜಿ.ಟಿ. ದೇವೇಗೌಡರು. ಕೆಲವೇ ವಾರಗಳಲ್ಲಿ ದೇವೇಗೌಡರು ಕಾಂಗ್ರೆಸ್ ಬೆಂಬಲದ ಸರ್ಕಾರದಲ್ಲಿ ಮಂತ್ರಿ. ಬಾದಾಮಿಯಿಂದ ಗೆದ್ದುಬಂದಿದ್ದ ಸಿದ್ದರಾಮಯ್ಯನವರು ಅದೇ ಸರ್ಕಾರದ ಸಮನ್ವಯ ಸಮಿತಿಯ ಅಧ್ಯಕ್ಷರು. ಅಲ್ಲಿ ಕಾಂಗ್ರೆಸ್ಸಿಗೆ ಹಾಕಿದವರಿಗೂ ಜೆಡಿಎಸ್‌ಗೆ ಹಾಕಿದವರಿಗೂ ಈ ಬದಲಾವಣೆ ಯಾವ ಕಾರಣಕ್ಕೆ, ಯಾವ ಷರತ್ತಿನ ಮೇಲೆ ಆಯಿತೆಂದು ವಿವರಿಸುವ ಒಂದು ಕಾಗದವೂ ಪ್ರಮಾಣವಚನದ ದಿನ ಇರಲಿಲ್ಲ. ಬಿಜೆಪಿಯನ್ನು ಅಧಿಕಾರದಿಂದ ದೂರ ಇಡುವುದು ಎಂಬ ಒಂದು ಉದ್ದೇಶ ಮಾತ್ರ ಗೊತ್ತಿತ್ತು. ಅದು ಸರ್ಕಾರವನ್ನು ಹುಟ್ಟಿಸಲು ಸಾಕು, ನಡೆಸಲು ಸಾಲದು. ಅದರ ಪರಿಣಾಮ ಮೊದಲ ಬಜೆಟ್ಟಿನಲ್ಲೇ ಕಂಡಿತು. ರೈತರ ಸಾಲವನ್ನು ಪೂರ್ತಿಯಾಗಿ ಮನ್ನಾ ಮಾಡುತ್ತೇವೆಂದು ಜೆಡಿಎಸ್ ಮತ ಕೇಳಿತ್ತು. 2018ರ ಜುಲೈ 5ರ ಬಜೆಟ್ಟಿನಲ್ಲಿ ಅದು ಎರಡು ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ, ಒಟ್ಟು 34,000 ಕೋಟಿ ರೂಪಾಯಿಗೆ ಇಳಿಯಿತು. ಅದೇ ಬಜೆಟ್ಟು, ಸಿದ್ದರಾಮಯ್ಯನವರ ಸರ್ಕಾರದ ಅನ್ನಭಾಗ್ಯದ ಅಕ್ಕಿಯನ್ನು ಏಳು ಕಿಲೋದಿಂದ ಐದಕ್ಕೆ ಇಳಿಸಿತು. ಸಿದ್ದರಾಮಯ್ಯನವರು ಪತ್ರ ಬರೆದು ಆಕ್ಷೇಪಿಸಿದ ಮೇಲೆ ಮತ್ತೆ ಏಳಕ್ಕೆ ಏರಿಸಲಾಯಿತು. ಸಾಲ ಮನ್ನಾ ಎಷ್ಟು, ಅಕ್ಕಿ ಎಷ್ಟು ಎಂಬಂಥ ಮೂಲಭೂತ ವಿಷಯಗಳನ್ನು ಕೈಜೋಡಿಸುವ ಮೊದಲು ಮಾತಾಡಿ ಬರೆದಿಟ್ಟಿದ್ದರೆ ಎರಡು ಪಕ್ಷಗಳ ಹಿರಿಯರು ಪತ್ರಗಳ ಮೂಲಕ ಜಗ್ಗಾಡಬೇಕಿರಲಿಲ್ಲ. ನಾನು ಕಾಂಗ್ರೆಸ್ಸಿನ ಕೃಪೆಯಲ್ಲಿದ್ದೇನೆಯೇ ಹೊರತು ಆರೂವರೆ ಕೋಟಿ ಜನರ ಕೃಪೆಯಲ್ಲಿ ಅಲ್ಲ ಎಂಬರ್ಥದ ಮಾತನ್ನು ಮುಖ್ಯಮಂತ್ರಿ ಕುಮಾರಸ್ವಾಮಿಯವರೇ ಆಡಿದ್ದರು. ಅದನ್ನು ಕೇಳಿ ಹಲವರು ನೊಂದರು. ಆದರೆ ಅದು ಆಗಿದ್ದ ಸ್ಥಿತಿಯ ನೇರ ವರ್ಣನೆಯೇ ಆಗಿತ್ತು. ಕರಾರು ಇಬ್ಬರ ನಡುವೆ ಮಾತ್ರ ಇದ್ದಾಗ ಮೂರನೆಯವರಾದ ನಮಗೆ ಉತ್ತರ ಕೊಡುವ ಹೊಣೆ ಯಾರಿಗೂ ಇರುವುದಿಲ್ಲ.

ಮೇಲಿನವರ ಒಪ್ಪಂದ ಕೆಳಗಿನವರಿಗೆ ಅರ್ಥವಾಗದಿದ್ದರೆ ಏನಾಗುತ್ತದೆಂದು 2019ರ ಲೋಕಸಭಾ ಚುನಾವಣೆ ತೋರಿಸಿತು. ಮಂಡ್ಯ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರಗಳನ್ನು 2018ರಲ್ಲಿ ಜೆಡಿಎಸ್ ಗೆದ್ದಿತ್ತು. ಮರುವರ್ಷ ಕಾಂಗ್ರೆಸ್ ಬೆಂಬಲವೂ ಸೇರಿದ ಮೇಲೆ ಅಲ್ಲಿ ಸೋಲುವ ಲೆಕ್ಕವೇ ಇರಲಿಲ್ಲ. ಗೆದ್ದದ್ದು ಪಕ್ಷೇತರ ಅಭ್ಯರ್ಥಿ ಸುಮಲತಾ ಅವರು. ರಾಜ್ಯದಲ್ಲಿ ಮೈತ್ರಿಕೂಟಕ್ಕೆ ಸಿಕ್ಕಿದ್ದು ಎರಡೇ ಸ್ಥಾನ. ಆ ಚುನಾವಣೆಯಲ್ಲಿ ಕೇಂದ್ರದ ಗಾಳಿ ಬಲವಾಗಿತ್ತು ಎಂಬುದು ನಿಜ. ಬಿಜೆಪಿಗೆ ಬಂದ 25 ಸ್ಥಾನಗಳನ್ನೆಲ್ಲ ಮೈತ್ರಿಯ ಮೇಲಿನ ಬೇಸರದ ಲೆಕ್ಕಕ್ಕೆ ಹಾಕಲಾಗದು. ಆದರೆ ಊರೂರಿನಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾಗಿ ಕೇಸು ಹಾಕಿಕೊಂಡಿದ್ದ ಕಾರ್ಯಕರ್ತರಿಗೆ, ಇದು ಯಾಕೆ ಎಂದು ಹೇಳಬಲ್ಲ ಒಂದು ಕಾರ್ಯಕ್ರಮವೂ ಇಲ್ಲದೆ, ಒಟ್ಟಿಗೆ ಮತ ಕೇಳಿ ಎಂದರೆ ಯಾರು ಕೇಳಿಯಾರು?

ಇದಕ್ಕೆ ಎದುರಾಗಿ 2006ರ ಕರಾರನ್ನು ಇಟ್ಟು ನೋಡಿ. 2004ರಲ್ಲೂ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಎಂಬ ಅತಂತ್ರ ಸ್ಥಿತಿ ಇತ್ತು. ಧರ್ಮಸಿಂಗ್ ಅವರ ಮೈತ್ರಿ ಸರ್ಕಾರ ಬಿದ್ದ ಮೇಲೆ, 2006ರ ಫೆಬ್ರುವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಮುಖ್ಯಮಂತ್ರಿ ಸ್ಥಾನ ಹಂಚಿಕೊಳ್ಳುವ ಒಪ್ಪಂದದ ಮೇಲೆ ಸರ್ಕಾರ ಮಾಡಿದವು. ಅದು ಒಳ್ಳೆಯ ಕರಾರಾಗಿತ್ತು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಜನರಿಗೆ ತಿಳಿದಿದ್ದದ್ದು ಕುರ್ಚಿಯ ಸರದಿ ಮಾತ್ರ. ನೀರಾವರಿ, ಶಾಲೆ, ಉದ್ಯೋಗದ ಸುದ್ದಿ ಇರಲಿಲ್ಲ. ಆದರೂ ಆ ಒಂದು ಷರತ್ತು ರಾಜ್ಯದ ಪ್ರತಿಯೊಂದು ಹೋಟೆಲು, ಬಸ್ ಸ್ಟ್ಯಾಂಡಿನಲ್ಲಿ ಗೊತ್ತಿತ್ತು. ಆದ್ದರಿಂದಲೇ 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರ ಆಗದೆ ಹೋದಾಗ, ನವೆಂಬರಿನಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಒಂದೇ ವಾರದಲ್ಲಿ ಇಳಿಯಬೇಕಾಗಿ ಬಂದಾಗ, ಯಾರು ಮಾತಿಗೆ ತಪ್ಪಿದರು ಎಂಬ ಪ್ರಶ್ನೆ ಜನರ ಕೈಗೆ ಬಂತು. 2008ರ ಚುನಾವಣೆಯ ದೊಡ್ಡ ವಿಷಯವೇ ವಚನಭ್ರಷ್ಟತೆ. ಬಿಜೆಪಿ 110ಕ್ಕೆ ಏರಿತು, ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಈ ಲೆಕ್ಕವನ್ನು ಉಬ್ಬಿಸಬಾರದು. ಕ್ಷೇತ್ರಗಳ ಮರುವಿಂಗಡಣೆಯಾಗಿತ್ತು, ಜೆಡಿಎಸ್‌ನ ಮತಪ್ರಮಾಣ ಸ್ಥಾನಗಳಷ್ಟು ಕುಸಿದಿರಲಿಲ್ಲ. ಆದರೂ ಬಿಜೆಪಿಯ ಮತಪ್ರಮಾಣ ಸುಮಾರು ಶೇ 28ರಿಂದ 34ರ ಹತ್ತಿರಕ್ಕೆ ಹೋಯಿತು. ಗೊತ್ತಿದ್ದ ಒಂದೇ ಒಂದು ಷರತ್ತು ಮುರಿದಾಗ ಮತದಾರರು ಅದನ್ನು ಗಮನಿಸಿದರು, ಅದರ ಮೇಲೆ ವಾದಿಸಿದರು, ಅದನ್ನು ಮನಸ್ಸಿನಲ್ಲಿಟ್ಟು ಮತ ಹಾಕಿದರು. ಕುರ್ಚಿಯ ಸರದಿಯ ಬಗ್ಗೆ ಸಾಧ್ಯವಾದದ್ದು ಅಕ್ಕಿ, ಸಾಲ, ನೀರಿನ ಬಗ್ಗೆ ಯಾಕೆ ಸಾಧ್ಯವಾಗಬಾರದು?

ದೇಶದ ಮಟ್ಟದಲ್ಲಿ ಅದು ಸಾಧ್ಯವಾಗಿದೆ. 2004ರಲ್ಲಿ ಕೇಂದ್ರದಲ್ಲೂ ಯಾರಿಗೂ ಬಹುಮತ ಬರಲಿಲ್ಲ. ಯುಪಿಎ ಸರ್ಕಾರ ಎಡಪಕ್ಷಗಳ ಹೊರಗಿನ ಬೆಂಬಲದಿಂದ ರಚನೆಯಾದಾಗ ಕನಿಷ್ಠ ಸಾಮಾನ್ಯ ಕಾರ್ಯಕ್ರಮವೊಂದನ್ನು ಅಚ್ಚು ಹಾಕಿ ಹೊರತಂದಿತು. ಗ್ರಾಮೀಣ ಉದ್ಯೋಗ ಖಾತರಿಯೂ ಮಾಹಿತಿ ಹಕ್ಕನ್ನು ಬಲಪಡಿಸುವ ಮಾತೂ ಅದರಲ್ಲಿದ್ದವು. 2005ರಲ್ಲಿ ಎರಡೂ ಕಾಯ್ದೆಗಳು ಬಂದವು. 2008ರ ಜುಲೈಯಲ್ಲಿ ಅಣು ಒಪ್ಪಂದದ ವಿಚಾರವಾಗಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ ಯಾವ ಕಾರಣಕ್ಕೆ ಎಂಬುದು ಎಲ್ಲರಿಗೂ ತಿಳಿದಿತ್ತು. ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿ ಗೆದ್ದಿತು. 2009ರಲ್ಲಿ ದೇಶದ ಜನ ಇಬ್ಬರ ಬಗ್ಗೆಯೂ ತೀರ್ಪು ಕೊಟ್ಟರು: ಕಾಂಗ್ರೆಸ್ ಹೆಚ್ಚಿನ ಬಲದೊಂದಿಗೆ ಮರಳಿತು, ಎಡಪಕ್ಷಗಳು ಸುಮಾರು 60ರಿಂದ 24ಕ್ಕೆ ಇಳಿದವು. ಬಂಗಾಳದ ಭೂಸ್ವಾಧೀನದ ಸಿಟ್ಟೂ ಅದರಲ್ಲಿ ಸೇರಿತ್ತು, ಒಪ್ಪೋಣ. ಆದರೆ ಬೆಂಬಲ ಕೊಟ್ಟದ್ದು, ಹಿಂತೆಗೆದದ್ದು, ಸದನದಲ್ಲಿ ಎಣಿಕೆ ನಡೆದದ್ದು ಎಲ್ಲವೂ ಬೆಳಕಿನಲ್ಲಿ ಆಯಿತು. ಜರ್ಮನಿಯಲ್ಲಿ ಮೈತ್ರಿ ಒಪ್ಪಂದವನ್ನು ಪುಸ್ತಕದಷ್ಟು ದೊಡ್ಡದಾಗಿ ಬರೆದು ಪ್ರಕಟಿಸುವುದು ರೂಢಿ. ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 2013ರಲ್ಲೂ 2018ರಲ್ಲೂ ಒಪ್ಪಂದವನ್ನು ತನ್ನ ಸಾಮಾನ್ಯ ಸದಸ್ಯರ ಮತಕ್ಕೇ ಹಾಕಿ, ಅವರು ಒಪ್ಪಿದ ಮೇಲೆ ಸರ್ಕಾರ ಸೇರಿತು. ಎರಡನೆಯ ಸಲ ಚುನಾವಣೆ ಮುಗಿದು ಸರ್ಕಾರ ಬರಲು ಸುಮಾರು ಆರು ತಿಂಗಳು ಹಿಡಿಯಿತು. ನಮ್ಮಲ್ಲಿ ಅದು ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು.

ಇಲ್ಲಿ ನೀವು ಒಂದು ಗಟ್ಟಿಯಾದ ಆಕ್ಷೇಪ ಎತ್ತಬಹುದು. ಮತದಾರರಿಗೆ ಇದೆಲ್ಲ ಬೇಕಾಗಿದ್ದರೆ 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಯಾಕೆ ತೋರಿಸಲಿಲ್ಲ? ರಾಜೀನಾಮೆ ಕೊಟ್ಟು ಮುಂಬೈಗೆ ಹೋಗಿ ಕೂತವರೂ ಸೇರಿದಂತೆ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದ್ದರು. 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ ಬಿಜೆಪಿ 12 ಗೆದ್ದಿತು. ಆ ಪಕ್ಷದಿಂದ ನಿಂತ 13 ಅನರ್ಹರಲ್ಲಿ 11 ಮಂದಿ ಮರಳಿ ಬಂದರು. 2020ರ ಫೆಬ್ರುವರಿಯಲ್ಲಿ ಅವರಲ್ಲಿ ಹತ್ತು ಜನ ಮಂತ್ರಿಗಳಾದರು. ಇದು ನನ್ನ ವಾದಕ್ಕೆ ಕಷ್ಟದ ಸಾಕ್ಷ್ಯ, ಅದನ್ನು ಬದಿಗೆ ಸರಿಸುವುದಿಲ್ಲ. ಆದರೆ ಆ ಮತದಾರರ ಮುಂದೆ ಏನಿತ್ತು ಎಂದು ಯೋಚಿಸಿ. ಮೈತ್ರಿಯ ಷರತ್ತುಗಳು ಜನರ ಕಣ್ಣಿಗೆ ಬಿದ್ದೇ ಇರಲಿಲ್ಲ. ಹಾಗಾಗಿ ಅನುದಾನ ಸಿಗಲಿಲ್ಲ, ಮಂತ್ರಿಗಳು ಕೈಹಾಕಿದರು, ಗೌರವ ಕೊಡಲಿಲ್ಲ ಎಂದು ಒಬ್ಬೊಬ್ಬರೂ ಹೇಳಿದ ಕಾರಣವನ್ನು ಯಾವುದಕ್ಕೆ ಹೋಲಿಸಿ ಸುಳ್ಳೋ ನಿಜವೋ ಎಂದು ತಿಳಿಯುವುದು? ಜೊತೆಗೆ, ಆಳುವ ಪಕ್ಷದ ಶಾಸಕರಿದ್ದರೆ ರಸ್ತೆ, ಕೆರೆ, ಆಸ್ಪತ್ರೆ ಬೇಗ ಬರುತ್ತವೆ ಎಂಬುದು ಜನರ ಅನುಭವ. ಕ್ಷೇತ್ರದ ಕೆಲಸ ಸರ್ಕಾರದ ಕೃಪೆಯ ಮೇಲೆ ನಿಂತಿರುವಾಗ ಮತದಾರರನ್ನು ಸ್ವಾರ್ಥಿಗಳೆನ್ನುವುದು ತಪ್ಪು. ಇಷ್ಟಾಗಿಯೂ ಹೊಸಕೋಟೆ ಮತ್ತು ಹುಣಸೂರಿನ ಜನ ಆ ದಾರಿ ಒಪ್ಪಲಿಲ್ಲ. 2021ರಲ್ಲಿ ಮಸ್ಕಿಯ ಮತದಾರರು, ಆಳುವ ಪಕ್ಷ ಎಲ್ಲ ಶಕ್ತಿ ಹಾಕಿದರೂ, ಪಕ್ಷ ಬಿಟ್ಟುಹೋದವರನ್ನು ದೊಡ್ಡ ಅಂತರದಿಂದ ಸೋಲಿಸಿದರು. 2023ರಲ್ಲಿ ಹಿರೇಕೆರೂರು, ಚಿಕ್ಕಬಳ್ಳಾಪುರ, ಅಥಣಿ, ಕಾಗವಾಡ, ಕೆ.ಆರ್. ಪೇಟೆಯಲ್ಲಿ ಉಪಚುನಾವಣೆ ಗೆದ್ದವರು ಸೋತರು. ಆ ಸಲದ ಅಲೆಯೂ ಅವರ ವಿರುದ್ಧ ಇತ್ತು ಎಂಬುದು ದಿಟ. ಆದರೂ ಮತದಾರರಿಗೆ ಇಂಥವೆಲ್ಲ ನೆನಪಿರುವುದೇ ಇಲ್ಲ ಎನ್ನಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಪಕ್ಷಗಳ ಕಡೆಯಿಂದ ಬರುತ್ತದೆ. ಪರಸ್ಪರ ಹೋರಾಡುವ ಪಕ್ಷಗಳು ನಾಳೆ ಕೈಜೋಡಿಸುತ್ತೇವೆಂದು ಇಂದೇ ಹೇಳಿದರೆ ಕಾರ್ಯಕರ್ತರು ಕೈಚೆಲ್ಲುತ್ತಾರೆ, ಎದುರಾಳಿಗೆ ಅಸ್ತ್ರ ಸಿಗುತ್ತದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಹಳೆ ಮೈಸೂರಿನಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಚುನಾವಣೆಗೆ ಮೊದಲೇ ಒಂದಾಗಿ ನಿಲ್ಲುವುದು ಕಷ್ಟವಿತ್ತು. ಆದರೆ ನಾವು ಸೀಟು ಹಂಚಿಕೆ ಮಾಡಿಕೊಳ್ಳಿ ಎಂದು ಕೇಳುತ್ತಿಲ್ಲ. ಬಹುಮತ ಬಾರದಿದ್ದರೆ ಯಾರ ಜೊತೆ ಹೋಗುವುದೇ ಇಲ್ಲ, ಹೋಗುವುದಾದರೆ ಯಾವ ಎರಡು ಮೂರು ವಿಷಯಗಳನ್ನು ಬಿಟ್ಟುಕೊಡುವುದಿಲ್ಲ ಎಂದು ಪ್ರಣಾಳಿಕೆಯಲ್ಲೇ ಬರೆಯಿರಿ ಎನ್ನುತ್ತಿದ್ದೇವೆ. ಅದೂ ಆಗದ ಕೆಲಸವಲ್ಲ. 2023ರ ಮೇ ತಿಂಗಳಲ್ಲಿ ಒಬ್ಬರ ವಿರುದ್ಧ ಒಬ್ಬರು ನಿಂತಿದ್ದ ಬಿಜೆಪಿ ಮತ್ತು ಜೆಡಿಎಸ್ ಅದೇ ಸೆಪ್ಟೆಂಬರಿನಲ್ಲಿ ಮೈತ್ರಿಯನ್ನು ಸಾರಿ ಹೇಳಿ, 2024ರ ಲೋಕಸಭಾ ಚುನಾವಣೆಯನ್ನು ಒಟ್ಟಾಗಿ ಎದುರಿಸಿದವು. ಆ ಮೈತ್ರಿಯನ್ನು ಮೆಚ್ಚಿದವರೂ ಇದ್ದರು, ಒಪ್ಪದವರೂ ಇದ್ದರು. ಮಂಡ್ಯದಲ್ಲಿ ಕುಮಾರಸ್ವಾಮಿಯವರು ಗೆದ್ದರು, ಹಾಸನದಲ್ಲಿ ಮೈತ್ರಿಯ ಅಭ್ಯರ್ಥಿ ಸೋತರು. ಎರಡು ಕಡೆಯೂ ಮತದಾರರಿಗೆ ತಾವು ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ ಎನ್ನುತ್ತಿದ್ದೇವೆಂದು ಗೊತ್ತಿತ್ತು. ಮೊದಲೇ ಹೇಳಿದರೆ ಪಕ್ಷಗಳಿಗೂ ಲಾಭವಿದೆ: ಅತಂತ್ರ ಸ್ಥಿತಿಯಲ್ಲಿ ಚುನಾವಣಾಪೂರ್ವ ಮೈತ್ರಿಯನ್ನೇ ರಾಜ್ಯಪಾಲರು ಮೊದಲು ಕರೆಯಬೇಕೆಂದು ಸರ್ಕಾರಿಯಾ ಆಯೋಗ ದಶಕಗಳ ಹಿಂದೆಯೇ ಶಿಫಾರಸು ಮಾಡಿದೆ.

ಮೂರನೆಯದು ಕಾನೂನಿನ ಮೇಲೆ ಭಾರ ಹಾಕುವವರ ಮಾತು. ಪಕ್ಷಾಂತರ ನಿಷೇಧವನ್ನು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಅವರು. ಕಾನೂನು ಬಿಗಿಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 1985ರಲ್ಲಿ ಸಂವಿಧಾನದ ಹತ್ತನೇ ಷೆಡ್ಯೂಲ್ ಬಂತು. ಮೂರನೇ ಒಂದರಷ್ಟು ಶಾಸಕರು ಒಡೆದು ಹೋಗಬಹುದೆಂಬ ವಿನಾಯಿತಿಯನ್ನು 2003ರಲ್ಲಿ ತೆಗೆಯಲಾಯಿತು. ಆಗ ಪಕ್ಷಾಂತರ ಮಾಡುವವರು ಹೊಸ ದಾರಿ ಹುಡುಕಿದರು. ವಿಪ್ ಉಲ್ಲಂಘಿಸುವ ಬದಲು ರಾಜೀನಾಮೆ ಕೊಟ್ಟು ಸದನದ ಬಲವನ್ನೇ ತಗ್ಗಿಸುವುದು. 2008ರ ನಂತರ ‘ಆಪರೇಷನ್ ಕಮಲ’ ಎಂದು ಹೆಸರಾದದ್ದು ಈ ದಾರಿಯೇ. 2019ರ ವಿಶ್ವಾಸಮತದ ದಿನ 20 ಶಾಸಕರು ಸದನದಲ್ಲೇ ಇರಲಿಲ್ಲ. ಅನರ್ಹರು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂದು ಸ್ಪೀಕರ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಒಪ್ಪಲಿಲ್ಲ. ಅನರ್ಹತೆಯನ್ನು ಎತ್ತಿಹಿಡಿದು, ಅದರ ಕಾಲಮಿತಿ ನಿಗದಿ ಮಾಡುವ ಅಧಿಕಾರ ಸ್ಪೀಕರಿಗೆ ಇಲ್ಲವೆಂದಿತು. ಹಾಗಾಗಿ ಆ ಬಾಗಿಲು ಮುಚ್ಚಬೇಕಾದರೆ ಸಂಸತ್ತೇ ತಿದ್ದುಪಡಿ ತರಬೇಕು. ಅದನ್ನು ಒತ್ತಾಯಿಸೋಣ. ಆದರೆ ಬೇಲಿ ಎಷ್ಟು ಎತ್ತರ ಮಾಡಿದರೂ ಹಾರುವವರಿಗೆ ಊರಿನವರ ಭಯವಿಲ್ಲದಿದ್ದರೆ ಪ್ರಯೋಜನವಿಲ್ಲ. ಆ ಭಯ ಹುಟ್ಟುವುದು ಕೊಟ್ಟ ಮಾತು ಬರಹದಲ್ಲಿದ್ದು, ಮುರಿದದ್ದು ಎಲ್ಲರಿಗೂ ಕಂಡಾಗ.

2023ರಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂತು, ಇನ್ನು ಈ ಚರ್ಚೆ ಯಾಕೆ ಎಂದು ಕೇಳುವವರೂ ಇದ್ದಾರೆ. ಮೂರು ಪಕ್ಷಗಳು ಬೇರೂರಿರುವ ರಾಜ್ಯದಲ್ಲಿ ಅತಂತ್ರ ತೀರ್ಪು 1983, 2004, 2018ರಲ್ಲಿ ಬಂದಿದೆ. 2008ರಲ್ಲಿ ಬಿಜೆಪಿ ಬಹುಮತಕ್ಕೆ ಮೂರು ಸ್ಥಾನ ಕಡಿಮೆ ಬಿದ್ದು ಪಕ್ಷೇತರರ ಕೈಹಿಡಿಯಬೇಕಾಯಿತು. ಕೇಂದ್ರದಲ್ಲಿ 2024ರಲ್ಲಿ ಮತ್ತೆ ಯಾವ ಪಕ್ಷಕ್ಕೂ ಸ್ವಂತ ಬಲದ ಬಹುಮತ ಬರಲಿಲ್ಲ. ಮುಂದೆ ಇಂಥ ಫಲಿತಾಂಶ ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಕರಾರಿನ ನಿಯಮಗಳನ್ನು ಬಿಕ್ಕಟ್ಟಿನ ರಾತ್ರಿ ಮಾಡಲಾಗದು. ಯಾರಿಗೂ ತುರ್ತಿಲ್ಲದ ಈಗಲೇ ಅದಕ್ಕೆ ಕಾಲ. ಇನ್ನು ಮತಗಟ್ಟೆಗೆ ಹೋಗದಿರುವ ಮಾತು. ಬೆಂಗಳೂರು ನಗರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ ಮತ ಹಾಕುತ್ತಿದ್ದಾರೆ, ರಾಜ್ಯದ ಸರಾಸರಿ ಶೇ 70 ದಾಟಿದೆ. ಹಾಕದ ಮತ ಯಾರನ್ನೂ ಹೆದರಿಸಿಲ್ಲ. ನೋಟಾಕ್ಕೆ 2018ರಲ್ಲಿ ಬಿದ್ದದ್ದು ಶೇ 1ಕ್ಕೂ ಕಡಿಮೆ. ಅದು ಶೇ 10 ಆದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಬೇಸರವನ್ನು ದಾಖಲಿಸಲು ಅದು ಸಾಕು, ಬದಲಾವಣೆ ತರಲು ಸಾಲದು. ನೀವು ಮನೆಯಲ್ಲಿ ಉಳಿದಷ್ಟೂ, ಗೆಲ್ಲಲು ಬೇಕಾದ ಮತಗಳ ಸಂಖ್ಯೆ ಇಳಿಯುತ್ತದೆ. ಆ ಕಡಿಮೆ ಮತಗಳನ್ನು ಹಣದಿಂದಲೋ ಜಾತಿಯಿಂದಲೋ ಒಟ್ಟುಮಾಡುವುದು ಅವರಿಗೆ ಇನ್ನೂ ಸುಲಭ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ವಿಧಾನಸಭಾ ಚುನಾವಣೆಗೆ ಮತ ಕೇಳಲು ಬಂದವರು ಯಾವ ಪಕ್ಷದವರಾದರೂ ಸರಿ, ಮೂರು ಪ್ರಶ್ನೆ ಕೇಳಿ. 113 ಬಾರದಿದ್ದರೆ ನಿಮ್ಮ ಪಕ್ಷ ಯಾರೊಂದಿಗೆ ಹೋಗುತ್ತದೆ, ಯಾರೊಂದಿಗೆ ಹೋಗುವುದಿಲ್ಲ, ಅದನ್ನು ಪ್ರಣಾಳಿಕೆಯಲ್ಲಿ ಬರೆದಿದ್ದೀರಾ? ಮೈತ್ರಿಯಾದರೆ ಒಪ್ಪಂದದ ಪ್ರತಿಯನ್ನು ವಿಶ್ವಾಸಮತಕ್ಕೆ ಮೊದಲು ಸದನದ ಮೇಜಿನ ಮೇಲೆ ಇಟ್ಟು, ಯಾವ ಭರವಸೆ ಉಳಿಯಿತು, ಯಾವುದನ್ನು ಕೈಬಿಟ್ಟಿರಿ, ಯಾಕೆ ಎಂದು ಹೇಳುತ್ತೀರಾ? ನಡುವೆ ರಾಜೀನಾಮೆ ಕೊಟ್ಟರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮತ್ತೆ ನಿಲ್ಲುವುದಿಲ್ಲ, ಮಂತ್ರಿಗಿರಿ ಪಡೆಯುವುದಿಲ್ಲ ಎಂದು ಈಗಲೇ ಸಹಿ ಹಾಕುತ್ತೀರಾ? ಗ್ರಾಮಸಭೆಯಲ್ಲಿ, ಕಾಲೇಜಿನಲ್ಲಿ, ಸಂಘದ ಸಭೆಯಲ್ಲಿ, ಅಪಾರ್ಟ್‌ಮೆಂಟಿನ ಕೂಟದಲ್ಲಿ ಹತ್ತು ಜನರೆದುರು ಕೇಳಿ. ಕೊಟ್ಟ ಉತ್ತರವನ್ನು ಬರೆದಿಡಿ, ಧ್ವನಿಮುದ್ರಿಸಿ, ಎದುರಾಳಿ ಅಭ್ಯರ್ಥಿಗೂ ಅದನ್ನೇ ಕೇಳಿ. ಒಬ್ಬರು ಕೇಳಿದರೆ ನಕ್ಕು ಮುಂದೆ ಹೋಗುತ್ತಾರೆ. ಒಂದು ಕ್ಷೇತ್ರದಲ್ಲಿ ಸಾವಿರ ಮಂದಿ ಕೇಳಿದರೆ ಹಾಗೆ ಹೋಗಲಾಗದು, ಯಾಕೆಂದರೆ ಸಾವಿರ ಮತಗಳೊಳಗಿನ ಅಂತರದಲ್ಲಿ ಗೆಲ್ಲುವ ಸೋಲುವ ಕ್ಷೇತ್ರಗಳು ಈ ರಾಜ್ಯದಲ್ಲಿ ಪ್ರತಿ ಚುನಾವಣೆಯಲ್ಲೂ ಇರುತ್ತವೆ.

2018ರಲ್ಲಿ ನಿಮ್ಮನ್ನು ಕೇಳದೆ ಕರಾರು ಮಾಡಿಕೊಂಡವರು, ಅದನ್ನು ಮುರಿಯುವಾಗಲೂ ನಿಮ್ಮನ್ನು ಕೇಳಲಿಲ್ಲ. ನೀವು ಮತ ಹಾಕಿದ್ದು ವ್ಯರ್ಥವಾಯಿತೆಂದು ನಂಬಿಸುವುದರಲ್ಲಿ ಎಲ್ಲ ಪಕ್ಷಗಳಿಗೂ ಅನುಕೂಲವಿದೆ. ಕೇಳುವವರು ಕಡಿಮೆಯಾದಷ್ಟೂ ಹೇಳುವ ಹೊಣೆ ಕಡಿಮೆ. ಆ ಅನುಕೂಲವನ್ನು ಅವರಿಗೆ ಕೊಡಬೇಡಿ. ಅತಂತ್ರ ತೀರ್ಪು ಬಂದರೆ ಬರಲಿ, ಮೈತ್ರಿ ಆದರೆ ಆಗಲಿ. ಷರತ್ತುಗಳನ್ನು ನಮ್ಮ ಮುಂದಿಡಲು ಒಪ್ಪದ ಪಕ್ಷಕ್ಕೆ, ಅದು ನಿಮ್ಮ ಮೆಚ್ಚಿನ ಪಕ್ಷವೇ ಆಗಿದ್ದರೂ, ಮತ ಕೊಡಬೇಡಿ.

ವಿಶ್ವಾಸದಿಂದ,
ನಿಮ್ಮ ರಾಜ್ಯದ ಒಬ್ಬ ಮತದಾರ